ಮೊದಲು ಕೇಳಿದವನು

ಪೆಸಿಫಿಕ್ ದ್ವೀಪಗಳಿಗೆ ಹೋಗುವವರಿಗೆಂದು ಬರೆದ ಪ್ರವಾಸಿ ಪುಸ್ತಕವೊಂದಿದೆ. ನಮ್ಮಲ್ಲಿ ವಿಮಾನ ಇಳಿಯುವ ಹೊರಗಿನವರ ಕಂಕುಳಲ್ಲಿ ಅದು ಇದ್ದೇ ಇರುತ್ತದೆ. ಅದರಲ್ಲಿ ಕಿರಿಬಾಸ್ ದೇಶಕ್ಕೆ ಇಪ್ಪತ್ತು ಪುಟ, ನಮ್ಮ ದ್ವೀಪಕ್ಕೆ ಹನ್ನೊಂದು ಸಾಲು. ದ್ವೀಪದ ಹೆಸರನ್ನೇ ತಪ್ಪಾಗಿ ಬರೆದಿದ್ದಾರೆ. ಬಾವಿಯ ನೀರನ್ನು ಕುದಿಸದೆ ಕುಡಿಯಬೇಡಿ ಅಂತ ಒಂದು ಸಾಲು. ಅತಿಥಿಗೃಹದಲ್ಲಿ ಅನ್ನ, ಮೀನು ಬಿಟ್ಟರೆ ಬೇರೇನೂ ಸಿಗದು ಅಂತ ಇನ್ನೊಂದು. ಆ ಅತಿಥಿಗೃಹದಲ್ಲಿ ಅಡುಗೆ ಮಾಡುವವಳು ನಾನು, ಮರೇವಾ. ಅದನ್ನು ಬರೆದ ಮಹಾಶಯ ನಾಲ್ಕು ದಿನ ಇದ್ದು, ಆ ಬೇರೇನೂ ಇಲ್ಲದ ಊಟವನ್ನೇ ಹೊತ್ತು ಹೊತ್ತಿಗೆ ಎರಡೆರಡು ಸಲ ಬಡಿಸಿಕೊಂಡು ತಿಂದು ಹೋದ.

ಕೊನೆಯ ಎರಡು ಸಾಲು ಹೀಗಿವೆ: "ಇಲ್ಲಿಯ ಜನಕ್ಕೆ ಇಲ್ಲ ಎನ್ನಲು ಬಾರದು, ನಗುತ್ತ ಕೇಳಿದರೆ ಏನನ್ನಾದರೂ ಕೊಡುತ್ತಾರೆ. ದೋಣಿ ಬೇಕಿದ್ದರೆ ಬೌರೊ ಎಂಬುವನನ್ನು ವಿಚಾರಿಸಿ." ಬೌರೊ ನನ್ನ ತಮ್ಮ. ನಾನು ಹೇಳಹೊರಟಿರುವುದು ಅವನ ಕಥೆ. ಅವನದೊಂದೇ ಎಂದರೆ ಸುಳ್ಳಾಗುತ್ತದೆ, ಅದರಲ್ಲಿ ನನ್ನ ಪಾಲೂ ಇದೆ.

ಇಲ್ಲ ಎನ್ನಲು ಬಾರದು ಎಂದು ಆ ಮಹಾಶಯ ಬರೆದದ್ದು ಅರ್ಧ ನಿಜ. ಹೊರಗಿನವರಿಗೆ ನಾವು ಬೇಕಾದಷ್ಟು ಸಲ ಇಲ್ಲ ಎಂದಿದ್ದೇವೆ. ಎನ್ನಲಾಗದಿರುವುದು ನಮ್ಮವರಿಗೆ. ಬಂಧುವಾದವನು ಎದುರಿಗೆ ಬಂದು ಕೂತು 'ಬುಬುಸಿ' ಎಂದು ಬಾಯಿಬಿಟ್ಟು ಕೇಳಿದರೆ ಮುಗಿಯಿತು, ಕೇಳಿದ್ದನ್ನು ಕೊಡಬೇಕು. ಬಾಣಲೆಯಾಗಲಿ, ಬಲೆಯಾಗಲಿ, ಮೈಮೇಲಿನ ಅಂಗಿಯಾಗಲಿ. ಕೊಡದವನ ಮುಖ ಯಾರೂ ನೋಡುವುದಿಲ್ಲ, ಅವನ ಮಕ್ಕಳಿಗೂ ಆ ಮಾತು ಅಂಟಿಕೊಳ್ಳುತ್ತದೆ. ಊರಿನ ಅಂಗಡಿ ಮೂರು ಸಲ ಮುಚ್ಚಿದ್ದು ಇದರಿಂದಲೇ. ಅಂಗಡಿ ಇಟ್ಟವನಿಗೆ ಊರೆಲ್ಲ ನೆಂಟರು. ನಾಲ್ಕನೆಯ ಸಲ ಬೇರೆ ದ್ವೀಪದವನನ್ನು ತಂದು ಕೂರಿಸಿದರು, ಅವನು ಇಲ್ಲಿಯ ಹುಡುಗಿಯನ್ನು ಮದುವೆಯಾಗುವವರೆಗೆ ವ್ಯಾಪಾರ ಚೆನ್ನಾಗಿಯೇ ನಡೆಯಿತು.

ನಾನು ನಗಾಡುತ್ತೇನೆ, ಆದರೆ ಬುಬುಸಿ ಇಲ್ಲದಿದ್ದರೆ ಈ ಮರಳಿನ ಮೇಲೆ ನಾವು ಯಾರೂ ಉಳಿಯುತ್ತಿರಲಿಲ್ಲ. ಮಳೆ ಬಾರದ ವರ್ಷ ಒಬ್ಬನ ಗುಂಡಿಯಲ್ಲಿ ಗೆಡ್ಡೆ ಇರುತ್ತದೆ, ಇನ್ನೊಬ್ಬನದು ಉಪ್ಪುನೀರಿಗೆ ಕೊಳೆತಿರುತ್ತದೆ. ಕೇಳುವವನು ಕೇಳುತ್ತಾನೆ, ಇದ್ದವನು ಕೊಡುತ್ತಾನೆ. ಹಾಗೆಂದು ಬಾಯಿಗೆ ಬಂದದ್ದನ್ನೆಲ್ಲ ಕೇಳುವಂತೆಯೂ ಇಲ್ಲ, ಅತಿಯಾಗಿ ಕೇಳುವವನನ್ನು ಜನ ಆಡಿಕೊಳ್ಳುತ್ತಾರೆ.

ಬೌರೊನ ಹೆಂಡತಿ ತೆರೆಂಗಾ. ಅವಳ ಅಣ್ಣ ಕೈತೂ. ಅವನು ಹಾಗೆ ಅತಿಯಾಗಿ ಕೇಳುವವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಡತಿ ಸತ್ತಮೇಲೆ ಮಗ ತಮುವೇರಾನನ್ನು ಒಬ್ಬನೇ ಸಾಕಿದ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ತೆಂಗಿನ ಮರ ಹತ್ತಿ ಹೊಂಬಾಳೆ ಕೊಯ್ದು ನೀರಾ ಇಳಿಸುತ್ತಿದ್ದ. ಮರದ ಮೇಲೆ ಕೂತು ಹಾಡುತ್ತಿದ್ದ. ನೀರಾ ಇಳಿಸುವವರೆಲ್ಲ ಹಾಡುತ್ತಾರೆ, ಕೆಳಗೆ ಓಡಾಡುವ ಹೆಂಗಸರಿಗೆ ಮೇಲೆ ಗಂಡಸು ಇದ್ದಾನೆಂದು ಗೊತ್ತಾಗಲಿ ಎಂದು. ಕೈತೂನ ದನಿ ಕೆಟ್ಟದಾಗಿತ್ತು. "ಭಾವ, ನೀನು ಹಾಡಿದ ದಿನ ನೀರಾ ಹುಳಿ ಬರ್ತದೆ" ಎಂದು ಬೌರೊ ಕೆಳಗಿನಿಂದ ಕೂಗುತ್ತಿದ್ದ. "ಹುಳಿ ಬಂದ್ರೆ ನಿನ್ನ ಅಕ್ಕನ ಅಡುಗೆಮನೇಲಿ ಇಟ್ಟಿದ್ದು ಅಂತ ಅರ್ಥ, ಅವಳ ಮುಖ ನೋಡಿ ಹಾಲೂ ಒಡೀತದೆ" ಎಂದು ಮೇಲಿನಿಂದ ಉತ್ತರ ಬರುತ್ತಿತ್ತು. ಇಬ್ಬರ ಮನೆಗೂ ನಡುವೆ ನಲವತ್ತು ಹೆಜ್ಜೆ. ಆ ಮರಗಳು ಇದ್ದದ್ದು ಅದೇ ನಡುವೆ.

ಬೌರೊನ ದೋಣಿಗೆ ಎರಡು ಎಂಜಿನ್ ಇದ್ದವು. ದೊಡ್ಡದು ಓಡಿಸಲಿಕ್ಕೆ, ಚಿಕ್ಕದು ದೊಡ್ಡದು ಕೈಕೊಟ್ಟರೆ ಎಂದು. ಚಿಕ್ಕದನ್ನು ಅವನು ಹರಿದ ಅಂಗಿಯಲ್ಲಿ ಸುತ್ತಿ ನೆಲದಿಂದ ಮೊಳ ಎತ್ತರಕ್ಕೆ ಕಟ್ಟಿದ ಮಲಗುವ ಅಟ್ಟದ ಕೆಳಗೆ ಬಚ್ಚಿಟ್ಟಿದ್ದ. ಕಣ್ಣಿಗೆ ಬಿದ್ದದ್ದನ್ನಲ್ಲವೇ ಜನ ಕೇಳುವುದು. ಆದರೆ ಭಾವನಿಗೆ ಗೊತ್ತಿಲ್ಲದ ಜಾಗ ಯಾವುದಿದೆ. ಮಗನ ಮದುವೆಯ ಮಾತು ಬಂದಿತ್ತು, ಹುಡುಗಿಯ ಕಡೆಯವರಿಗೆ ಒಣಮೀನು ಒಯ್ಯಬೇಕಿತ್ತು, ಹುಟ್ಟು ಹಾಕಿಕೊಂಡು ಹೋದರೆ ದೊಡ್ಡ ಮೀನು ಸಿಗುವುದಿಲ್ಲ. ಒಂದು ದಿನ ಕೈತೂ ಬಂದು ಅಟ್ಟದ ಅಂಚಿನಲ್ಲಿ ಕೂತ.

"ಚಿಕ್ಕ ಎಂಜಿನ್ನಿಗೆ ಬುಬುಸಿ, ಬೌರೊ" ಎಂದ.

"ತಗೊಂಡ್ಹೋಗು ಭಾವ" ಎಂದು ಬೌರೊ ಬಗ್ಗಿ ತಾನೇ ಎಳೆದುಕೊಟ್ಟ.

ಹದಿನೈದು ದಿನದ ಮೇಲೆ ಸರ್ಕಾರದ ಇಬ್ಬರು ಪಕ್ಕದ ದ್ವೀಪಕ್ಕೆ ಹೋಗಬೇಕೆಂದರು. ಮರಳಿ ಬರುವಾಗ ಜೊತೆಗೊಬ್ಬ ಇರಲಿ ಎಂದು ಬೌರೊ ತಮುವೇರಾನನ್ನು ಕರೆದುಕೊಂಡ. ಇಪ್ಪತ್ತು ವರ್ಷದ ಗಟ್ಟಿ ಆಳು, ಎಂಜಿನ್ನಿನ ಹಗ್ಗವನ್ನು ಒಂದೇ ಕೈಯಲ್ಲಿ ಎಳೆದು ಚಾಲೂ ಮಾಡುತ್ತಿದ್ದ. ಹೋಗಿ ಇಳಿಸಿದರು. ಬರುವಾಗ ಎರಡೂ ದ್ವೀಪ ಕಣ್ಣಿಗೆ ಕಾಣದ ಜಾಗದಲ್ಲಿ ದೊಡ್ಡ ಎಂಜಿನ್ ನಿಂತುಹೋಯಿತು. ಅಲ್ಲಿಯ ಸೆಳೆತ ಪಶ್ಚಿಮಕ್ಕೆ. ಪಶ್ಚಿಮಕ್ಕೆ ಏನೂ ಇಲ್ಲ.

ಮೂರು ದಿನ ಹುಡುಕಿದರು. ವಿಮಾನವೂ ಬಂತು, ತಿರುಗಿ ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ ಕೈತೂ ಚಿಕ್ಕ ಎಂಜಿನ್ನನ್ನು ಹೆಗಲ ಮೇಲೆ ಹೊತ್ತು ತಂದು ತೆರೆಂಗಾಳ ಮುಂದೆ ಇಳಿಸಿದ. ಉಪ್ಪು ಕಟ್ಟದಂತೆ ತೊಳೆದು ಒರೆಸಿದ್ದ. ನಾನು ಅಲ್ಲೇ ಇದ್ದೆ. ನನ್ನ ನಾಲಿಗೆ ಯಾವತ್ತೂ ನನ್ನ ಮಾತು ಕೇಳಿದ್ದಲ್ಲ.

"ಈಗ ತಂದ್ಯಾ? ಗೋರಿ ಮೇಲೆ ಇಡೋದಕ್ಕೆ ಕಲ್ಲು ಸಿಗಲಿಲ್ವಾ?" ಎಂದೆ.

ಅವನ ಒಬ್ಬನೇ ಮಗ ಅದೇ ದೋಣಿಯಲ್ಲಿದ್ದಾನೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಅಂದೆ.

ಮೂವತ್ತೊಂದನೆಯ ದಿನ ಮೀನು ಹಿಡಿಯುವ ದೊಡ್ಡ ಹಡಗೊಂದಕ್ಕೆ ದೋಣಿ ಸಿಕ್ಕಿತು. ದೋಣಿಯಲ್ಲಿ ಒಬ್ಬನೇ ಇದ್ದ. ಹೆಸರು ರೇಡಿಯೊದಲ್ಲಿ ಬರುವವರೆಗೆ ಎರಡು ತಾಸು ತೆರೆಂಗಾ ಮತ್ತು ಕೈತೂ ದ್ವೀಪ ಮಂಡಳಿಯ ಕಚೇರಿಯ ಮುಂದೆ ಒಂದೇ ಚಾಪೆಯ ಮೇಲೆ ಕೂತಿದ್ದರು. ಬದುಕಿರುವವನು ತನ್ನವನಾಗಿರಲಿ ಎಂದು ಇಬ್ಬರೂ ಬೇಡಿಕೊಂಡಿರುತ್ತಾರೆ. ಬೌರೊ ಎಂದು ಬಂದಾಗ ತೆರೆಂಗಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ತನ್ನ ಸಂತೋಷವನ್ನು ಅಣ್ಣನ ಎದುರಿಗೆ ನುಂಗಿದಳು. ಅದನ್ನು ನಾನು ನೋಡಿದೆ. ಅವನೂ ನೋಡಿದ.

ಬೌರೊ ಬಂದಾಗ ಅವನ ಮಗಳು ಅಕೆನೇಸ್ ಗುರುತು ಹಿಡಿಯದೆ ನನ್ನ ಹಿಂದೆ ಅಡಗಿದಳು. ಏಳು ವರ್ಷದವಳು, ಅವನಿಗಿರುವ ಒಂದೇ ಮಗು. ಅವನ ತುಟಿ ಸೀಳಿ ಕಪ್ಪಗಾಗಿತ್ತು, ಕಾಲು ಅವನ ಭಾರ ಹೊರುತ್ತಿರಲಿಲ್ಲ. ಅವತ್ತೇ ಊರಿನ ಸಭಾಮನೆಯಲ್ಲಿ ಹಿರಿಯರ ನಡುವೆ ಕೂತು ಎಲ್ಲ ಹೇಳಬೇಕಾಯಿತು, ಅದು ನಮ್ಮ ಪದ್ಧತಿ. ಹೇಳಿದ. ಕೈಯಲ್ಲಿ ಹಿಡಿದ ಮೀನಿನ ಕಣ್ಣು ಹೀರಿದ್ದು. ಒಂದು ಆಮೆ ಸಿಕ್ಕಿದ್ದು. ಒಂಬತ್ತು ದಿನ ಮಳೆಯೇ ಬಾರದಿದ್ದದ್ದು. ಹತ್ತನೆಯ ದಿನ ತಮುವೇರಾ ಬಗ್ಗಿ ಸಮುದ್ರದ ನೀರು ಕುಡಿದದ್ದು, ಹಿಡಿದರೂ ನಿಲ್ಲದೆ ಮತ್ತೆ ಮತ್ತೆ ಕುಡಿದದ್ದು. ಸತ್ತ ಮರುದಿನವೇ ಮಳೆ ಸುರಿದದ್ದು. ಎರಡು ದಿನ ಹೆಣವನ್ನು ಇಟ್ಟುಕೊಂಡು ಆಮೇಲೆ ನೀರಿಗೆ ಬಿಟ್ಟದ್ದು.

"ಪ್ರಾರ್ಥನೆ ಹೇಳಿದ್ಯಾ?" ಎಂದು ಕೈತೂ ಕೇಳಿದ. ಅವನು ಕೇಳಿದ್ದು ಅದೊಂದೇ.

"ನೆನಪಿದ್ದಷ್ಟು ಹೇಳ್ದೆ, ಭಾವ."

ಎಂಜಿನ್ನಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಸಭೆಯಲ್ಲಿದ್ದ ನೂರು ಜನರೂ ಎತ್ತಲಿಲ್ಲ. ಕೊಟ್ಟದ್ದನ್ನು ಎತ್ತಿ ಆಡುವುದು ನಮ್ಮಲ್ಲಿ ಕೊಡದಿರುವುದಕ್ಕಿಂತ ಕೀಳು.

ಆಮೇಲೆ ಶುರುವಾಯಿತು ನಮ್ಮ ಭಯ. ಮಕ್ಕಳಿಲ್ಲದ ಮನೆಯವರು ಬಂಧುಗಳ ಮಗುವನ್ನು ಕೇಳಿ ತಂದು ಸಾಕುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ನಾನೇ ನನ್ನ ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಅದೂ ಬುಬುಸಿಯೇ, ಇಲ್ಲ ಎನ್ನುವಂತಿಲ್ಲ. ಕೈತೂನ ಮನೆ ಖಾಲಿಯಾಗಿತ್ತು. ಹೆಂಡತಿಯಿಲ್ಲ, ಈಗ ಮಗನೂ ಇಲ್ಲ. ಮಗ ಸತ್ತದ್ದು ಬೌರೊನ ದೋಣಿಯಲ್ಲಿ, ಬದುಕಿ ಬಂದವನು ಬೌರೊ. ಸೋದರಮಾವ ತಂಗಿಯ ಮಗಳನ್ನು ಕೇಳಿದರೆ ಊರಲ್ಲಿ ಯಾರೂ ತಪ್ಪೆನ್ನುತ್ತಿರಲಿಲ್ಲ. ಕೇಳದಿದ್ದರೇ ಆಶ್ಚರ್ಯಪಡುತ್ತಿದ್ದರು.

ಅಕೆನೇಸ್‌ಗೆ ಅವನೆಂದರೆ ಇಷ್ಟ. ಅವನು ಮರದಿಂದ ಇಳಿಯುವ ಹೊತ್ತಿಗೆ ಲೋಟ ಹಿಡಿದು ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ಅವನು ಅವಳ ತಲೆ ಸವರಿ, "ನನ್ನ ಮನೇಲಿ ಸದ್ದೇ ಇಲ್ಲ ಕಣೇ" ಎಂದನಂತೆ. ಅವಳು ಬಂದು ತಾಯಿಗೆ ಹೇಳಿದಳು. ತೆರೆಂಗಾ ನೇರ ನನ್ನ ಅಡುಗೆಮನೆಗೆ ಬಂದಳು. ನಾನು ಅತಿಥಿಗಳ ಮೀನು ಹೆಚ್ಚುತ್ತಿದ್ದೆ.

"ಅಕ್ಕಾ, ಅಣ್ಣ ಕೇಳ್ತಾನೆ" ಎಂದಳು.

"ಏನಂತ ಹೇಳಿದ?"

"ನಾಡಿದ್ದು ಭಾನುವಾರ ಚರ್ಚಲ್ಲಿ ಪೂಜೆ ಮುಗಿಸಿ ಮನೆಗೆ ಬರ್ತೀನಿ, ಬೌರೊನ ಹತ್ರ ಒಂದು ಮಾತಿದೆ ಅಂದ. ಹೊಸ ಪಂಚೆ ಉಟ್ಟು ಬರ್ತಾನಂತೆ ಅಕ್ಕ, ದೊಡ್ಡದೇನೋ ಕೇಳೋಕೇ ಹಾಗೆ ಬರೋದು. ನಂಗೊತ್ತು."

"ನಿನ್ನ ಅಣ್ಣನೇ ತಾನೇ. ನೀನೇ ಹೋಗಿ ಬೇಡ ಅನ್ನು."

"ಹೆಂಗನ್ನಲಿ? ಅವನ ಮಗ ನೀರಲ್ಲಿ ಹೋದ, ನನ್ನ ಗಂಡ ಮನೇಲಿದಾನೆ. ಯಾವ ಮುಖ ಇಟ್ಕೊಂಡು ಅನ್ನಲಿ?" ಅವಳು ಅಳಲಿಲ್ಲ, ಕತ್ತರಿಸಿದ ಮೀನಿನ ತುಂಡುಗಳನ್ನು ಸುಮ್ಮನೆ ಸಾಲಾಗಿ ಜೋಡಿಸುತ್ತ ನಿಂತಳು. "ಕೊಟ್ರೆ ನಲವತ್ತು ಹೆಜ್ಜೇಲಿರ್ತಾಳೆ, ದಿನಾ ಕಾಣ್ತಾಳೆ. ಆದ್ರೆ ಅವಳು ನನ್ನ ಅಮ್ಮ ಅನ್ನಲ್ಲ. ನನಗೆ ಇನ್ನೊಂದು ಆಗೋದಿಲ್ಲ, ನರ್ಸಮ್ಮ ಹೇಳಿದಾಳೆ."

ಆಗಲೇ ನನಗೆ ಆ ಉಪಾಯ ಹೊಳೆದದ್ದು. ಹೊಳೆದಾಗ ನನ್ನ ಬುದ್ಧಿಗೆ ನಾನೇ ಮೆಚ್ಚಿದೆ, ಸುಳ್ಳೇಕೆ ಹೇಳಲಿ. ಅತಿಥಿಗಳಿಗೆ ಇಟ್ಟ ಅನ್ನ ಸೀದುಹೋಯಿತು, ಲೆಕ್ಕಿಸದೆ ಬೌರೊನನ್ನು ಕರೆಸಿದೆ.

"ಭಾನುವಾರದ ತನಕ ಕಾಯ್ಬೇಡ" ಎಂದೆ. "ನಾಳೆ ಬೆಳಿಗ್ಗೆ ಅವನು ಮರದಿಂದ ಇಳಿಯೋ ಹೊತ್ಗೆ ಬುಡದಲ್ಲಿ ನಿಂತ್ಕೋ. ಅವನು ಕೇಳೋ ಮೊದ್ಲು ನೀನು ಕೇಳು."

"ನಾನೇನು ಕೇಳ್ಲಿ? ಅವನ ಹತ್ರ ಏನಿದೆ?"

"ನನ್ನನ್ನ ಏನೂ ಕೇಳ್ಬೇಡ ಅಂತ ಕೇಳು. ಅದನ್ನೇ ಬುಬುಸಿ ಅನ್ನು. ಅವನು ಇಲ್ಲ ಅನ್ನೋ ಹಾಗಿಲ್ಲ."

"ಹಾಗೆ ಯಾರಾದ್ರೂ ಕೇಳಿದಾರಾ ಅಕ್ಕ?"

"ಯಾರೂ ಕೇಳಿಲ್ಲ. ಅದಕ್ಕೇ ಅವನಿಗೆ ಉತ್ತರ ತೋಚಲ್ಲ."

"ಅಕೆನೇಸ್‌ನ ಒಬ್ಬಳನ್ನ ಕೇಳ್ಬೇಡ ಅಂತ ಅಂದ್ರಾಯ್ತಲ್ಲ."

ಇಲ್ಲಿ ನಾನು ತಪ್ಪಿದೆ. ಅವನು ಸರಿಯಾಗಿಯೇ ಹೇಳಿದ್ದ. ಆದರೆ ನನಗೆ ನನ್ನ ಜಾಣತನ ದೊಡ್ಡದಾಯಿತು. "ಮಗಳ ಹೆಸರೆತ್ಬೇಡ" ಎಂದೆ. "ಅವನಿನ್ನೂ ಬಾಯಿ ಬಿಟ್ಟಿಲ್ಲ. ಹೆಸರೆತ್ತಿದ್ರೆ ನನ್ನ ಮಗೂನ ಕಿತ್ಕೊಳ್ಳೋಕೆ ಬರ್ತಿದೀಯ ಅಂತ ಮುಖದ ಮೇಲೆ ಹೊಡೆದ ಹಾಗಾಗ್ತದೆ. ಸುಮ್ನೆ ಏನೂ ಕೇಳ್ಬೇಡ ಅನ್ನು. ಎಲ್ಲಾ ಒಳಗೊಂಡ್ಹೋಗ್ತದೆ."

ಮರುದಿನ ಬೆಳಿಗ್ಗೆ ಅವನು ಹೋಗಿ ಮರದ ಬುಡದಲ್ಲಿ ನಿಂತ. ನಾನು ಕಟ್ಟಿಗೆ ಆರಿಸುವ ನೆಪ ಮಾಡಿಕೊಂಡು ಹತ್ತಿರದಲ್ಲೇ ಇದ್ದೆ. ಮೇಲೆ ಹಾಡು ನಿಂತಿತು, ಕೈತೂ ನೀರಾದ ಸೀಸೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿದ. ಮಗ ಹೋದಮೇಲೆ ಅಂದೇ ಮೊದಲ ಸಲ ಅವನು ಹಾಡಿದ್ದ.

"ಏನೋ ಇಷ್ಟು ಬೇಗ ಎದ್ದಿದೀಯಾ?" ಎಂದ. "ಕಾಲು ಪರವಾಗಿಲ್ವಾ?"

"ಭಾವ, ಒಂದು ಬುಬುಸಿ."

ಕೈತೂನ ಮುಖ ಅರಳಿತು. ಇದನ್ನು ನಾನು ಕಣ್ಣಾರೆ ಕಂಡೆ. ಸಮುದ್ರದಿಂದ ಬಂದಮೇಲೆ ಬೌರೊ ಅವನ ಹತ್ತಿರ ಏನನ್ನೂ ಕೇಳಿರಲಿಲ್ಲ, ಒಂದು ಕಡ್ಡಿಪೆಟ್ಟಿಗೆಯನ್ನೂ. ಕೇಳಿದ್ದು ಅವನಿಗೆ ಸಮಾಧಾನವಾಯಿತು. "ಕೇಳು ಕೇಳು" ಎಂದು ಸೀಸೆಯನ್ನೇ ಬಿಚ್ಚಿ ಮುಂದೆ ಹಿಡಿದ.

"ಇನ್ಮುಂದೆ ನನ್ನನ್ನ ಏನೂ ಕೇಳ್ಬೇಡ. ಅದೇ ನನ್ನ ಬುಬುಸಿ."

ಸೀಸೆ ಹಿಡಿದ ಕೈ ಹಾಗೇ ಉಳಿಯಿತು. ಅವನು ಅರ್ಥವಾಗದವನಂತೆ ಒಮ್ಮೆ ನನ್ನ ಕಡೆ ನೋಡಿದ. ಕಟ್ಟಿಗೆ ಆರಿಸುತ್ತಿದ್ದ ನಾನು ತಲೆ ತಗ್ಗಿಸಿದೆ.

"ಏನೂ?" ಎಂದ.

"ಏನೂ."

"ಸರಿ. ಕೊಟ್ಟೆ" ಎಂದ ಕೈತೂ. ಸೀಸೆಯನ್ನು ನೆಲದ ಮೇಲಿಟ್ಟು ಮನೆಗೆ ನಡೆದ. ಭಾನುವಾರ ಅವನು ಬರಲಿಲ್ಲ.

ಅಕೆನೇಸ್ ಮನೆಯಲ್ಲೇ ಉಳಿದಳು. ತೆರೆಂಗಾ ನನಗೊಂದು ಚಾಪೆ ಹೆಣೆದು ತಂದುಕೊಟ್ಟಳು. ಒಂದು ತಿಂಗಳು ನಾವು ಮೂವರೂ ಗೆದ್ದ ಹಾಗೇ ಇದ್ದೆವು.

ನಮ್ಮಲ್ಲಿ ಕೇಳುವುದು ಎಂದರೆ ಏನೆಂದು ಆಮೇಲೆ ಗೊತ್ತಾಯಿತು. ಬೆಳಗಾದರೆ ಕೆಂಡ ಕೇಳಲಿಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುತ್ತೇವೆ. ಹೋದಲ್ಲಿ ಕೂರುತ್ತೇವೆ, ಕೂತಲ್ಲಿ ಮಾತು. ಉಪ್ಪು, ಗಾಳದ ದಾರ, ಕೊಡಲಿ, ಬೆನ್ನು ತಿಕ್ಕಲು ಒಂದು ಕೈ. ಕೇಳದವನಿಗೆ ಹೋಗಲಿಕ್ಕೆ ನೆಪವೇ ಇಲ್ಲ. ಕೈತೂ ಬೆಂಕಿಗೆ ಕಾಲು ಮೈಲಿ ನಡೆದು ಬೇರೆ ಮನೆಗೆ ಹೋಗತೊಡಗಿದ. ಬಲೆ ಹರಿದಾಗ ಬೌರೊನ ಬಲೆ ಕಣ್ಣೆದುರೇ ಒಣಗುತ್ತಿದ್ದರೂ ಕೈಗಾಳ ಹಿಡಿದು ದಡದಲ್ಲಿ ಕೂತ. ಬೌರೊ ಎದುರಾದರೆ ನಿಂತು ದಾರಿ ಬಿಡುತ್ತಿದ್ದ. "ಚೆನ್ನಾಗಿದೀಯಾ ಭಾವ" ಎಂದರೆ "ಹೂಂ" ಎನ್ನುತ್ತಿದ್ದ. ತಿರುಗಿ "ನೀನು?" ಎಂದು ವಿಚಾರಿಸುತ್ತಿರಲಿಲ್ಲ. ಅದೂ ಕೇಳುವುದೇ ಅಂತ ಅವನು ತಿಳಿದಿದ್ದನೋ ಏನೋ.

ತೆರೆಂಗಾ ಅಕೆನೇಸ್‌ನ ಕೈಯಲ್ಲಿ ಬೇಯಿಸಿದ ಮೀನು ಕಳಿಸುತ್ತಿದ್ದಳು. ಕಳಿಸಿದರೆ ಉಣ್ಣುತ್ತಿದ್ದ, ತಟ್ಟೆ ತೊಳೆದು ಅದರಲ್ಲಿ ನೀರಾ ತುಂಬಿದ ಸೀಸೆ ಇಟ್ಟು ಕಳಿಸುತ್ತಿದ್ದ. ಅವಳು ಕಳಿಸಲು ಮರೆತ ದಿನ ಸುಮ್ಮನಿರುತ್ತಿದ್ದ. ಮೊದಲ ವರ್ಷ ಅವಳು ಮರೆಯಲಿಲ್ಲ. ಎರಡನೆಯ ವರ್ಷ ಆಗಾಗ ಮರೆತಳು. ಕೇಳಲು ಬಾರದವನನ್ನು ಮರೆಯುವುದು ಬಹಳ ಸುಲಭ, ನಾನೂ ಮರೆತೆ.

ಬೌರೊನನ್ನು ಇದು ತಿನ್ನುತ್ತಿತ್ತು. ಒಂದು ಸಲ ಅವನು ಹೋಗಿ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದನಂತೆ. "ಕೊಟ್ಟಿದ್ದು ಕೊಟ್ಟಾಯ್ತು. ಎಂಜಿನ್ನನ್ನ ನಾನು ವಾಪಸ್ ತಂದೆ, ಅದರಿಂದ ಏನಾಯ್ತು?" ಎಂದನಂತೆ ಕೈತೂ. ಎಂಜಿನ್ನಿನ ಮಾತು ಅವನ ಬಾಯಿಂದ ಬಂದದ್ದು ಅದೊಂದು ಸಲ. ಬೌರೊ ಬಂದು ನನಗೆ ಹೇಳಿದಾಗ, "ಹಟಮಾರಿ ಮುದುಕ, ಬಿಡು" ಎಂದುಬಿಟ್ಟೆ. ಅವನೇನು ಮುದುಕನಲ್ಲ, ನನಗಿಂತ ಎರಡು ವರ್ಷ ಚಿಕ್ಕವನು.

ಮೂರನೆಯ ವರ್ಷ, ಈಸ್ಟರ್ ಆದ ವಾರ. ಅತಿಥಿಗೃಹದಲ್ಲಿ ಇಬ್ಬರಿದ್ದರು, ದ್ವೀಪ ಸುತ್ತುವರಿದ ಒಳಗಡಲಿನ ಮರಳದಿಬ್ಬದ ಹಕ್ಕಿಗಳನ್ನು ನೋಡಬೇಕೆಂದು ಬೌರೊನ ದೋಣಿ ಗೊತ್ತುಮಾಡಿದ್ದರು. ನಾನು ಬೆಳಿಗ್ಗೆ ಆರಕ್ಕೆ ಅವರ ಬುತ್ತಿಗೆ ಅನ್ನ ಇಟ್ಟಿದ್ದೆ. ಕೈತೂನ ಹಾಡು ಕೇಳುತ್ತಿತ್ತು. ನಡುವೆ ನಿಂತಿತು. ಇಳಿದ ಎಂದುಕೊಂಡೆ. ಅನ್ನ ಬಸಿಯುವ ಹೊತ್ತು, ಅದರ ಕಡೆ ಹೆಚ್ಚು ಗಮನ ಕೊಡಲಿಲ್ಲ.

ಅವನು ಇಳಿದಿರಲಿಲ್ಲ, ಬಿದ್ದಿದ್ದ. ಹಿಂದಿನ ರಾತ್ರಿಯ ಮಳೆಗೆ ಹತ್ತಲೆಂದು ಮರದಲ್ಲಿ ಕಡಿದ ಕಚ್ಚು ಜಾರುತ್ತಿತ್ತು. ಸೊಂಟದ ಮೂಳೆ ಮುರಿದು, ಒಳಗೆಲ್ಲೋ ರಕ್ತನಾಳ ಒಡೆದು, ಗರಿಗಳ ರಾಶಿಯ ಮೇಲೆ ಬಿದ್ದಿದ್ದ. ಬೌರೊನ ಮನೆಯಿಂದ ಇಪ್ಪತ್ತು ಹೆಜ್ಜೆ. ಬೌರೊ ಪೆಟ್ರೋಲಿನ ಡಬ್ಬಿ ಹೊತ್ತು ಅದೇ ದಾರಿಯಲ್ಲಿ ದೋಣಿಗೆ ಹೋದ, ಬುತ್ತಿ ಒಯ್ಯಲು ಮತ್ತೆ ಬಂದ, ಮತ್ತೆ ಹೋದ. ಎಳೆಯ ತೆಂಗಿನ ಗಿಡಗಳ ಮರೆ ಇತ್ತು, ಅವನಿಗೆ ಏನೂ ಕಾಣಲಿಲ್ಲ. ಆಮೇಲೆ ದೋಣಿ ಹೊರಟಿತು. ತೆರೆಂಗಾ ಚರ್ಚಿನ ಹೆಂಗಸರ ಜೊತೆ ಹೋಗಿದ್ದಳು.

ಮಧ್ಯಾಹ್ನ ಒಣಗರಿ ತರಲು ಹೋದ ಅಕೆನೇಸ್ ನನ್ನ ಅಡುಗೆಮನೆಗೆ ಓಡಿ ಬಂದಳು. ಹತ್ತು ವರ್ಷದ ಹುಡುಗಿ, ಮುಖ ಬಿಳಿಚಿತ್ತು.

"ಅತ್ತೇ, ಮಾವ ಬಿದ್ಕೊಂಡಿದಾನೆ. ಕಣ್ಣು ಬಿಟ್ಟಿದಾನೆ, ಮಾತಾಡಲ್ಲ."

ನಾನು ಹೋದಾಗ ಬಿಸಿಲು ನೇರ ಅವನ ಮೇಲಿತ್ತು. ತುಟಿ ಒಡೆದಿತ್ತು, ಸಮುದ್ರದಿಂದ ಬಂದ ದಿನ ಬೌರೊನ ತುಟಿ ಇದ್ದ ಹಾಗೆ. ನೀರು ಬಾಯಿಗೆ ಹಿಡಿದೆ, ಕುಡಿದ. ಬಾಗಿಲ ಹಲಗೆಯ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತು ಬೌರೊನ ಮನೆಯ ಅಟ್ಟಕ್ಕೆ ತಂದರು. ನರ್ಸಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದಳು. ವಿಮಾನಕ್ಕೆ ಇನ್ನೂ ಎರಡು ದಿನ ಇತ್ತು, ಬೆಳಿಗ್ಗೆಯೇ ಸಿಕ್ಕಿದ್ದರೆ ಬೇರೆ ದ್ವೀಪದ ದೊಡ್ಡ ದೋಣಿಯನ್ನಾದರೂ ಕರೆಸಬಹುದಿತ್ತು ಎಂದಳು. ಈಗ ಆಗುವುದಿಲ್ಲ ಎಂದೂ ಹೇಳಿದಳು.

ಬೌರೊ ಸಂಜೆಗೆ ಬಂದ. ದೋಣಿ ಕಟ್ಟದೆ ಓಡಿಬಂದ.

"ಭಾವ, ಯಾಕೆ ಕೂಗ್ಲಿಲ್ಲ? ನಾನು ಅಲ್ಲೇ ಓಡಾಡ್ತಿದ್ನಲ್ಲ."

"ನಿನ್ನ ಕಾಲು ಕಾಣ್ತಿತ್ತು" ಎಂದ ಕೈತೂ. ದನಿ ಮೆಲ್ಲಗಿತ್ತು, ಆದರೆ ಸ್ಪಷ್ಟವಾಗಿತ್ತು. "ಮೂರು ಸಲ ಹಾದುಹೋದೆ ನೀನು."

"ಒಂದು ಸಲ ಬೌರೊ ಅಂದಿದ್ರೆ ಸಾಕಿತ್ತಲ್ಲ."

"ಅಂದಿದ್ರೆ ಏನು ಅಂತ ನೀನು ಕೇಳ್ತಿದ್ದೆ. ಆಮೇಲೆ ನಾನು ಎತ್ತು ಅನ್ಬೇಕಾಗ್ತಿತ್ತು." ಅವನು ಉಸಿರಿಗಾಗಿ ತಡೆದ. "ಏನೂ ಕೇಳ್ಬೇಡ ಅಂದಿದ್ದೆ. ನೀನು ಸಮುದ್ರದಿಂದ ಬಂದ್ಮೇಲೆ ನನ್ನ ಹತ್ರ ಕೇಳಿದ್ದು ಅದೊಂದೇ. ಅದನ್ನೂ ಕೊಡದಿದ್ರೆ ಹೆಂಗೆ?"

ಹಟದಿಂದ ಹೇಳಿದ ಮಾತಲ್ಲ ಅದು. ಹಟವಾಗಿದ್ದರೆ ಬೈಯುವುದು ನನಗೆ ಸುಲಭವಾಗುತ್ತಿತ್ತು. ಚಿಕ್ಕ ಎಂಜಿನ್ ಕೊಟ್ಟವನಿಗೆ ತಾನೂ ಏನನ್ನಾದರೂ ಕೊಡಬೇಕೆಂದು ಅವನು ಮೂರು ವರ್ಷ ಈ ಮಾತನ್ನು ಉಳಿಸಿಕೊಂಡು ಬಂದಿದ್ದ. ಬೌರೊ ಅವನ ಕಾಲ ಬಳಿ ಕೂತು ಮುಖ ಮುಚ್ಚಿಕೊಂಡು ಅತ್ತ. ತೆರೆಂಗಾ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

ಮರುದಿನ ಮಧ್ಯಾಹ್ನ ಅವನಿಗೆ ಸ್ವಲ್ಪ ಎಚ್ಚರ ಬಂತು. ಬೌರೊ ಬಾಗಿ ಕೇಳಿದ. ಕೇಳದೆ ಇರಲು ಅವನಿಂದ ಆಗಲಿಲ್ಲ.

"ಭಾವ, ಆ ಭಾನುವಾರ ಹೊಸ ಪಂಚೆ ಉಟ್ಟು ಬರ್ತೀನಿ ಅಂದಿದ್ಯಲ್ಲ. ಏನು ಕೇಳ್ಬೇಕಂತಿದ್ದೆ? ಅಕೆನೇಸ್‌ನಾ?"

ಕೈತೂ ಅಕೆನೇಸ್‌ನ ಕಡೆ ನೋಡಿದ. ಅವಳು ಬೀಸಣಿಗೆ ಹಿಡಿದು ಗಾಳಿ ಹಾಕುತ್ತಿದ್ದಳು. ಅವನ ಹುಬ್ಬು ಮೇಲೇರಿತು, ನಿಜವಾಗಿ ಅಚ್ಚರಿಯಾದವನ ಹಾಗೆ. ಅಥವಾ ನನಗೆ ಹಾಗೆ ಕಂಡಿತು. ಆಮೇಲೆ ಅವನಿಗೆ ಎಲ್ಲ ಅರ್ಥವಾಯಿತು ಎಂದು ಕಾಣುತ್ತದೆ, ನನ್ನನ್ನೂ ಒಮ್ಮೆ ನೋಡಿದ. ಮರದ ಬುಡದಲ್ಲಿ ಕಟ್ಟಿಗೆ ಆರಿಸುತ್ತಿದ್ದವಳನ್ನು ನೋಡಿದ ಹಾಗೆಯೇ.

"ಹೇಳು ಭಾವ. ಏನಾದ್ರೂ ಸರಿ, ಕೊಡ್ತೀನಿ."

"ಹೇಳಿದ್ರೆ ಕೇಳಿದ ಹಾಗಾಗ್ತದೆ" ಎಂದ ಕೈತೂ.

ಸಂಜೆ ನೀರಾ ಇಳಿಸುವ ಹೊತ್ತಿಗೆ ಹೋದ. ಅವನನ್ನು ಅವನ ಹೆಂಡತಿಯ ಪಕ್ಕದಲ್ಲಿ ಹೂಳಿದೆವು. ಅವನ ಮನೆಯನ್ನು ಬಿಚ್ಚುವಾಗ ತೊಲೆಗೆ ಸಿಕ್ಕಿಸಿದ್ದ ಹೊಸ ಪಂಚೆ ಸಿಕ್ಕಿತು, ಮಡಿಕೆ ಕಳಚಿರಲಿಲ್ಲ. ಅದರೊಳಗೆ ಏನಾದರೂ ಇದೆಯೇ ಎಂದು ತೆರೆಂಗಾ ಬಿಡಿಸಿ ಕೊಡವಿ ನೋಡಿದಳು. ಏನೂ ಇರಲಿಲ್ಲ.

ಮಗನನ್ನು ನೀರಿಗೆ ಬಿಟ್ಟ ಜಾಗದ ಕಡೆಗೆ ಒಮ್ಮೆ ಕರೆದುಕೊಂಡು ಹೋಗು ಎಂದು ಕೇಳಬೇಕೆಂದಿದ್ದಿರಬಹುದು ಎಂದು ಬೌರೊ ಹೇಳುತ್ತಾನೆ. ಎಂಜಿನ್ನಿನ ವಿಷಯಕ್ಕೆ ಕ್ಷಮೆ ಕೇಳಬೇಕೆಂದಿದ್ದ ಎಂದು ತೆರೆಂಗಾ. ಹುಡುಗಿಯನ್ನೇ ಕೇಳುತ್ತಿದ್ದ, ಬೇರೇನೂ ಅಲ್ಲ ಎಂದು ನಾನು ಇಬ್ಬರಿಗೂ ಹೇಳುತ್ತೇನೆ. ನನಗದು ನಿಜವಾಗಿರಲೇಬೇಕು. ನಾನು ಹಾಗೆ ಹೇಳಿದಾಗಲೆಲ್ಲ ಅವರಿಬ್ಬರೂ ಮಾತು ನಿಲ್ಲಿಸುತ್ತಾರೆ.

ಬೌರೊ ಈಗಲೂ ದೋಣಿ ಓಡಿಸುತ್ತಾನೆ, ಬಂದವರನ್ನು ಹಕ್ಕಿ ತೋರಿಸಲು ಕರೆದೊಯ್ಯುತ್ತಾನೆ. ನನ್ನ ಮೇಲೆ ಸಿಟ್ಟು ತೋರಿಸಿದ್ದಿಲ್ಲ, ಎದುರಾದರೆ ಅಕ್ಕ ಎನ್ನುತ್ತಾನೆ. ಕಳೆದ ವಾರ ಮಳೆಗೆ ಅವರ ಒಲೆ ಆರಿತ್ತು. ತೆರೆಂಗಾ ಒದ್ದೆ ಕಟ್ಟಿಗೆಯ ಮುಂದೆ ಊದುತ್ತ ಕೂತಿದ್ದು ನನ್ನ ಅಡುಗೆಮನೆಗೆ ಕಾಣುತ್ತಿತ್ತು. ನನ್ನ ಒಲೆಯಲ್ಲಿ ಕೆಂಡ ತುಂಬಿತ್ತು. ಬೌರೊ ಕೆಂಡಕ್ಕೆ ತೆಂಗಿನ ಚಿಪ್ಪು ಹಿಡಿದು ಹೊರಬಂದ, ನನ್ನ ಬಾಗಿಲ ಮುಂದೆಯೇ ಹಾದುಹೋದ, ಕಾಲು ಮೈಲಿ ಆಚೆಯ ಮನೆಗೆ ನಡೆದು ಕೆಂಡ ಕೇಳಿ ತಂದ.